ಒಂದು ಹೊಟ್ಟೆ ಬೇಕಾಗಿದೆ

"ಈ ಸಲದ ರಜೆಗೆ ನನ್ನ ಹೆಂಡತಿಯನ್ನು ಆಸ್ಪತ್ರೆಯಿಂದ ಎಳಕೊಂಡು ಬಂದೇ ಬರುತ್ತೇನೆ. ಅಡ್ಡ ಬಂದವರು ಯಾರೇ ಆಗಲಿ, ನೋಡೇಬಿಡೋಣ!"

ಹೀಗೆಂದು ಕನ್ನಡಿಯ ಮುಂದೆ ನಿಂತು ಘೋಷಿಸಿದೆ. ಕನ್ನಡಿ ಮರುಮಾತಿಲ್ಲದೆ ಒಪ್ಪಿತು. ನನ್ನ ಘೋಷಣೆ ಕೇಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇದ್ದಿದ್ದರೆ ಘೋಷಣೆ ಯಾಕೆ ಬೇಕಿತ್ತು?

ನನ್ನ ಹೆಂಡತಿ ಡಾಕ್ಟರು. ಡಾಕ್ಟರಾದದ್ದು ಸಾಲದು ಅಂತ ಇನ್ನೂ ದೊಡ್ಡ ಡಾಕ್ಟರಾಗಲು ಪಿ.ಜಿ. ಓದುತ್ತಿದ್ದಾಳೆ. ಪಿ.ಜಿ.ಗೆ ಲೋಕದಲ್ಲಿ ಏನು ಅರ್ಥವಿದೆಯೋ ಇರಲಿ, ನಮ್ಮ ಮನೆಯಲ್ಲಿ ಮಾತ್ರ ಅದು ‘ಪತಿಗೆ ಗೈರುಹಾಜರು’. ಮೊದಲ ವರ್ಷದ ರಜೆಗೆ ಅವಳ ತವರಿಗೆ ಹೋಗಲು ಇಬ್ಬರಿಗೂ ಟಿಕೆಟ್ ಮಾಡಿಸಿದ್ದೆ. ರೈಲು ಹೊರಡುವ ಹೊತ್ತಿಗೆ ಫೋನು ಬಂತು: "ರೀ, ಎಮರ್ಜೆನ್ಸಿ! ನೀವು ಹೋಗ್ಬಿಡಿ." ಅವಳ ಸೀಟಿನಲ್ಲಿ ಅವಳ ಸೂಟ್‌ಕೇಸು ಕೂತು ಬಂತು. ಅತ್ತೆ ಬಾಗಿಲಲ್ಲಿ ನನ್ನನ್ನೂ ಸೂಟ್‌ಕೇಸನ್ನೂ ಒಂದಾದ ಮೇಲೊಂದು ನೋಡಿ, ಸೂಟ್‌ಕೇಸನ್ನು ಮೊದಲು ಒಳಗೆ ಕರೆದುಕೊಂಡರು.

ಎರಡನೆಯ ವರ್ಷ ಅವಳು ಬಂದಳು. ಬಂದಳು ಅಂದರೆ, ದೇಹ ಬಂತು. ರೈಲಿನಲ್ಲಿ ನಿದ್ದೆ, ಸೋಫಾದಲ್ಲಿ ನಿದ್ದೆ, ಊಟದ ಮೇಜಿನಲ್ಲಿ ಚಮಚ ಬಾಯಿಗೂ ತಟ್ಟೆಗೂ ನಡುವೆ ನಿಂತಿರುವಾಗಲೇ ನಿದ್ದೆ! ಆ ವರ್ಷದ ಫ್ಯಾಮಿಲಿ ಫೋಟೋದಲ್ಲಿ ಎಲ್ಲರೂ ಹಲ್ಲು ಬಿಟ್ಟಿದ್ದಾರೆ, ಅವಳೊಬ್ಬಳು ಕಣ್ಣು ಮುಚ್ಚಿದ್ದಾಳೆ. ಅವಳ ಅಕ್ಕನ ಪುಟ್ಟ ಮಗಳು ನನ್ನ ಕಿವಿಯಲ್ಲಿ ಕೇಳಿದ್ದಳು: "ಚಿಕ್ಕಪ್ಪ, ಚಿಕ್ಕಮ್ಮ ಎದ್ದು ನಿಂತ್ರೆ ಎಷ್ಟು ಉದ್ದ ಇರ್ತಾರೆ?" ನನಗೂ ಸರಿಯಾಗಿ ನೆನಪಿರಲಿಲ್ಲ.

ಈ ವರ್ಷ ಹಾಗಾಗಬಾರದು! ಮಧ್ಯಾಹ್ನದ ರೈಲಿಗೆ ಟಿಕೆಟ್ ಆಗಿತ್ತು. ಆದರೆ ಅದೇ ಬೆಳಿಗ್ಗೆ ಅವಳಿಗೆ ವಾರ್ಡಿನಲ್ಲಿ ಪರೀಕ್ಷೆ. ಒಬ್ಬ ರೋಗಿಯನ್ನು ಮಾತಾಡಿಸಿ, ಮುಟ್ಟಿ ನೋಡಿ, ಕಾಯಿಲೆ ಏನೆಂದು ವಿಭಾಗದ ಮುಖ್ಯಸ್ಥರ ಮುಂದೆ ಹೇಳಬೇಕು. ಆ ಮುಖ್ಯಸ್ಥರಿಗೆ ಪಿ.ಜಿ.ಗಳು ಇಟ್ಟ ಹೆಸರು ‘ಭೂತಗನ್ನಡಿ’. ಪಾಸಾದರೆ ರಜೆ. ಇಲ್ಲದಿದ್ದರೆ ರಜೆಯುದ್ದಕ್ಕೂ ವಾರ್ಡಿನಲ್ಲೇ ಇದ್ದು ಮತ್ತೆ ಪರೀಕ್ಷೆ ಕೊಡುವ ಸಜೆ.

"ನೀವು ಸೀದಾ ಸ್ಟೇಷನ್ನಿಗೆ ಹೋಗಿ," ಎಂದಿದ್ದಳು ಫೋನಿನಲ್ಲಿ. "ಮುಗಿದ ಕೂಡಲೇ ಓಡಿ ಬರ್ತೀನಿ. ನಿಮ್ಮ ಕಾಲು ಮುಗೀತೀನಿ, ಆಸ್ಪತ್ರೆ ಒಳಗೆ ಮಾತ್ರ ಬರಬೇಡಿ."

"ನಾನು ಬಂದ್ರೆ ಏನಾಗುತ್ತೆ?"

"ಏನಾಗುತ್ತೆ ಅಂತ ನೋಡೋಕೇ ನೀವು ಬರೋದು. ಅದೇ ನನ್ನ ಭಯ."

ಅವಳ ಭಯಕ್ಕೆ ಕಾರಣವಿಲ್ಲದೆ ಇಲ್ಲ. ನಾನು ಶಾಲೆಯಲ್ಲಿ ಭೂಗೋಳ ಕಲಿಸುವ ಮೇಷ್ಟ್ರು. ಕುತೂಹಲ ನನ್ನ ಮೈಯಲ್ಲಿ ರಕ್ತಕ್ಕಿಂತ ಜಾಸ್ತಿ ಹರಿಯುತ್ತದೆ. ಮುಚ್ಚಿದ ಡಬ್ಬಿ ಕಂಡರೆ ತೆಗೆಯಬೇಕು, ಗುಂಡಿ ಕಂಡರೆ ಒತ್ತಬೇಕು, ‘ಒಳಗೆ ಪ್ರವೇಶವಿಲ್ಲ’ ಎಂಬ ಬೋರ್ಡು ಕಂಡರೆ ಒಳಗೆ ಏನಿದೆ ಎಂದು ತಿಳಿಯದೆ ಅಂದಿನ ಊಟ ಸೇರುವುದಿಲ್ಲ. ನನ್ನ ಹೆಂಡತಿಯನ್ನು ಮೂರು ವರ್ಷದಿಂದ ನುಂಗಿಕೊಂಡಿರುವ ಆ ಕಟ್ಟಡದ ಒಳಗೆ ಅವಳು ಏನು ಮಾಡುತ್ತಾಳೆ? ಹೇಗೆ ಮಾತಾಡುತ್ತಾಳೆ? ಅಲ್ಲಾದರೂ ಎಚ್ಚರವಾಗಿರುತ್ತಾಳಾ?

ಹಾಗಾಗಿ ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಅತ್ತೆಗೆಂದು ತೆಗೆದುಕೊಂಡ ಕೇಕಿನ ಡಬ್ಬಿ ಹಿಡಿದು ಆಸ್ಪತ್ರೆಗೇ ಹೋದೆ. ವಾರ್ಡಿನ ಹೊರಗಿನ ಮೊಗಸಾಲೆಯಲ್ಲಿ ಯಾರ ಕಣ್ಣಿಗೂ ಬೀಳದೆ ಕೂತಿದ್ದು, ಅವಳು ಹೊರಬಂದ ಕ್ಷಣ ಹಿಡಿದು ಸ್ಟೇಷನ್ನಿಗೆ ಸಾಗಿಸುವುದು ನನ್ನ ಯೋಜನೆ.

ಮೊಗಸಾಲೆಯಲ್ಲಿ ಬೆಂಚು ಇತ್ತು. ಬೆಂಚಿನ ಪಕ್ಕ ಒಂದು ವೀಲ್‌ಚೇರೂ ಇತ್ತು. ಬೆಂಚಿನಲ್ಲಿ ಕುತೂಹಲಕ್ಕೆ ಏನಿದೆ ಹೇಳಿ? ವೀಲ್‌ಚೇರಿನಲ್ಲಿ ಕೂತೆ. ಬದಿಯಲ್ಲಿದ್ದ ಹಿಡಿಯನ್ನು ಎತ್ತಿದರೆ ಏನಾಗುತ್ತದೆ ಎಂದು ಎತ್ತಿದೆ. ಅದು ಬ್ರೇಕು. ಮೊಗಸಾಲೆ ಕೊಂಚ ಇಳಿಜಾರು ಎಂಬ ಭೌಗೋಳಿಕ ಸತ್ಯ ನನಗೆ ಗೊತ್ತಾದದ್ದು ಆಗಲೇ! ಮಡಿಲಲ್ಲಿ ಕೇಕು, ಹಿಂದೆ ಅನಾಥ ಸೂಟ್‌ಕೇಸು. ನಾನು ರಾಜಗಾಂಭೀರ್ಯದಿಂದ ಜಾರುತ್ತಾ ಹೋಗಿ, ವಾರ್ಡಿನ ಜೋಡಿಬಾಗಿಲನ್ನು ಮೊಣಕಾಲಿನಿಂದ ತಳ್ಳಿ, ಸೀದಾ ಹೆಡ್ ಸಿಸ್ಟರ್ ಮೇಜಿನ ಮುಂದೆ ನಿಂತೆ.

ಸಿಸ್ಟರ್ ಬೈಯುತ್ತಾರೆ ಎಂದುಕೊಂಡರೆ, ಆಕೆಯ ಕಣ್ಣು ನನ್ನ ಮುಖದಿಂದ ಇಳಿದು ಹೊಟ್ಟೆಯ ಮೇಲೆ ನಿಂತಿತು. ಮುಖದಲ್ಲಿ ಕಳೆದುಹೋದ ಒಡವೆ ಸಿಕ್ಕಿದ ಬೆಳಕು!

"ನಿಮಗೆ ಅರ್ಜೆಂಟು ಕೆಲಸ ಏನಾದ್ರೂ ಇದೆಯಾ?"

"ಮಧ್ಯಾಹ್ನ ರೈಲಿದೆ. ಅಲ್ಲಿವರೆಗೆ ಸುಮ್ನೆ..."

"ಹಾಗಾದ್ರೆ ಒಂದು ಉಪಕಾರ ಮಾಡ್ತೀರಾ? ನಮಗೆ ತುರ್ತಾಗಿ ಒಂದು ಹೊಟ್ಟೆ ಬೇಕು."

ನನ್ನ ಹೊಟ್ಟೆಯನ್ನು ಹೀಗೆ ಗೌರವದಿಂದ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಸಿಸ್ಟರ್ ಸಂಕಟ ತೋಡಿಕೊಂಡರು. ಮನೆಯವರಿಗೆಲ್ಲ ರಜೆ ಬಂತೆಂದು ರೋಗಿಗಳೆಲ್ಲ "ನನಗೇನೂ ಇಲ್ಲ, ಗುಣವಾಗಿದೆ" ಅಂತ ಹೇಳಿ ಮನೆಗೆ ಹೊರಟುಬಿಟ್ಟಿದ್ದಾರೆ. ಕಾಲು ಊದಿದವರು, ಕೆಮ್ಮುವವರು ಹೇಗೋ ಉಳಿದಿದ್ದಾರೆ, ಅವರನ್ನು ಬೇರೆ ಪಿ.ಜಿ.ಗಳಿಗೆ ಹಂಚಿಯಾಗಿದೆ. ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಹೊಟ್ಟೆನೋವಿನ ಯಜಮಾನರು ಮಾತ್ರ ಬೆಳಿಗ್ಗೆ ಹಲ್ಲುಜ್ಜಲು ಹೋದವರು ಹಾಗೇ ಊರಿಗೆ ಹೋಗಿದ್ದಾರೆ! ಒಬ್ಬ ಪಿ.ಜಿ.ಗೆ ಕೇಸೇ ಇಲ್ಲ.

"ನೀವು ಹೊಟ್ಟೆನೋವು ಅಂತ ಹೇಳಿ ಮಲಗಿ ಸಾಕು. ಉಳಿದದ್ದಕ್ಕೆಲ್ಲ ನಿಜ ಹೇಳಿ. ಸುಳ್ಳು ಹೇಳಿದ್ರೆ ನಮ್ಮ ಸಾರ್ ಕಂಡುಹಿಡಿದುಬಿಡ್ತಾರೆ."

ಬಂದೇಬಿಟ್ಟಿತು ಅವಕಾಶ! ಪಿ.ಜಿ. ಪರೀಕ್ಷೆಯನ್ನು ಒಳಗಿನಿಂದಲೇ ನೋಡುವ ಭಾಗ್ಯ ಯಾವ ಗಂಡನಿಗಿದೆ? ನನ್ನ ಹೆಂಡತಿ ಓದಿನಲ್ಲಿ ಚುರುಕು. ಅವಳು ಇಷ್ಟು ಹೊತ್ತಿಗೆ ಕೆಮ್ಮೋ ಕಾಲೋ ಹಿಡಿದು ಮುಗಿಸುತ್ತಿರಬೇಕು. ನಾನು ಇನ್ಯಾರಿಗೋ ಹೊಟ್ಟೆ ಕೊಟ್ಟು, ಅವಳು ಬರುವ ಮೊದಲೇ ಎದ್ದುಬಿಡುತ್ತೇನೆ. ಕೇಕನ್ನು ಸಿಸ್ಟರ್ ಮೇಜಿನ ಮೇಲಿಟ್ಟು, ಸೂಟ್‌ಕೇಸನ್ನು ತರಿಸಿ, ಅವರು ಕೊಟ್ಟ ತಿಳಿನೀಲಿ ಅಂಗಿ ತೊಟ್ಟು ಮಂಚ ಏರಿದೆ.

ಪರದೆ ಸರಿಯಿತು. ಒಳಗೆ ಬಂದವಳು ನನ್ನ ಹೆಂಡತಿ!

ಅವಳ ಬಾಯಿ ತೆರೆಯಿತು. ಅವಳ ಹಿಂದೆಯೇ ದಪ್ಪ ಕನ್ನಡಕದ ಹಿರಿಯರೊಬ್ಬರು ಬಂದು ಮಂಚದ ಬುಡದ ಸ್ಟೂಲಿನ ಮೇಲೆ ಕೂತರು. ಅವಳ ಬಾಯಿ ಮುಚ್ಚಿತು. ಭೂತಗನ್ನಡಿ!

"ಶುರು ಮಾಡಮ್ಮ. ರೋಗಿಯನ್ನ ಹೇಗೆ ಮಾತಾಡಿಸ್ತೀಯ ನೋಡೋಣ. ಅದಕ್ಕೇ ಅರ್ಧದಷ್ಟು ಮಾರ್ಕು."

ಅವಳು ಉಸಿರು ಎಳೆದುಕೊಂಡಳು. ಆ ಉಸಿರಿನ ಅರ್ಥ ನನಗೆ ಚೆನ್ನಾಗಿ ಗೊತ್ತು. ಅದರಲ್ಲಿ ನನ್ನ ತಿಥಿ ಇತ್ತು.

"ನಮಸ್ಕಾರ. ನಾನು ಇಲ್ಲಿನ ಡಾಕ್ಟರು. ನಿಮ್ಮ ಹೆಸರೇನು?"

ಹೇಳಿದೆ. ಮದುವೆ ಪತ್ರಿಕೆಯಲ್ಲಿ ತನ್ನ ಹೆಸರಿನ ಪಕ್ಕದಲ್ಲೇ ಅಚ್ಚಾಗಿದ್ದ ಹೆಸರನ್ನು "ಇನ್ನೊಂದು ಸಲ ಹೇಳಿ" ಎಂದು ಕೇಳಿ ಬರೆದುಕೊಂಡಳು!

"ವಯಸ್ಸು?"

ಒಂದೆರಡು ವರ್ಷ ಕಮ್ಮಿ ಹೇಳಿದೆ. ಹುಬ್ಬು ಮೇಲೇರಿತು. ಕೂಡಲೇ ಸರಿಪಡಿಸಿದೆ.

"ಮದುವೆಯಾಗಿದೆಯಾ?"

"ಆಗಿದೆ ಅಂತಾರೆ."

ಸ್ಟೂಲಿನ ಕಡೆಯಿಂದ ಸಣ್ಣ ಕೆಮ್ಮು ಕೇಳಿಸಿತು.

"ಏನು ತೊಂದರೆ?"

"ಹೊಟ್ಟೆನೋವು, ಡಾಕ್ಟ್ರೇ."

"ಹೊಟ್ಟೆಯಲ್ಲಿ ಎಲ್ಲಿ?"

ಅದನ್ನು ಸಿಸ್ಟರ್ ಹೇಳಿಕೊಟ್ಟಿರಲಿಲ್ಲ! ಗಾಬರಿಯಲ್ಲಿ ಬಾಯಿಗೆ ಬಂದದ್ದು ನನ್ನ ವೃತ್ತಿಯ ಭಾಷೆ. "ಈಶಾನ್ಯದಲ್ಲಿ."

"ಯಾರ ಈಶಾನ್ಯ? ನಿಮ್ಮದಾ, ನನ್ನದಾ?"

ಅವಳು ನನಗೆ ಯಾವಾಗಲೂ ಬಹುವಚನವೇ ಹಾಕುವುದರಿಂದ ಅವಳಿಗೆ ಈ ನಾಟಕ ಸಲೀಸು. ನಾನು ಮಾತ್ರ ಹುಟ್ಟಿದ ಮೇಲೆ ಮೊದಲ ಸಲ ಹೆಂಡತಿಗೆ ‘ನೀವು’ ಅನ್ನಬೇಕಾಗಿತ್ತು. ನಾಲಿಗೆ ಪ್ರತಿ ಸಲವೂ ಎಡವಿ, ಚೇತರಿಸಿಕೊಂಡು ಮುಂದೆ ಹೋಗುತ್ತಿತ್ತು.

"ಊಟ ತಿಂಡಿ ಹೇಗೆ? ನಿನ್ನೆ ಸಂಜೆ ಏನು ತಿಂದ್ರಿ?"

ನಿನ್ನೆ ಸಂಜೆ ಫೋನಿನಲ್ಲಿ ಅವಳಿಗೆ ‘ತರಕಾರಿ ಸೂಪು’ ಎಂದು ವರದಿ ಒಪ್ಪಿಸಿದ್ದೆ. "ತರಕಾರಿ ಸೂ..." ಎನ್ನುವಷ್ಟರಲ್ಲಿ ದಪ್ಪ ಕನ್ನಡಕ ನನ್ನ ಕಡೆ ತಿರುಗಿತು. "ಅಲ್ಲ... ಮೊಟ್ಟೆ ಪಫ್ಸು."

"ಒಂದಾ?"

"ಮೊದಲು ಒಂದು."

"ಆಮೇಲೆ?"

"ಅದು ಒಂಟಿಯಾಗಬಾರದು ಅಂತ ಇನ್ನೊಂದು. ಮೇಲೆ ಒಂದು ಕ್ರೀಮ್ ಬನ್ನು."

"ಮೊನ್ನೆ?"

"ಮೊನ್ನೆ ಬೇಕರಿಗೆ ರಜೆ."

"ಸದ್ಯ."

"ಅದಕ್ಕೇ ಪಕ್ಕದ ರಸ್ತೆಯ ಬೇಕರಿಗೆ ಹೋಗಿದ್ದೆ."

ಅವಳ ಪೆನ್ನು ಕಾಗದವನ್ನು ತೂತು ಮಾಡಿ ರಟ್ಟಿಗೆ ಇಳಿದ ಸದ್ದು ಕೇಳಿಸಿತು. "ಮನೆಯಲ್ಲಿ ಅಡುಗೆ ಮಾಡ್ಕೊಳ್ಳಲ್ವಾ? ಅಡುಗೆ ಬರಲ್ವಾ?"

"ಬರುತ್ತೆ. ಚೆನ್ನಾಗೇ ಮಾಡ್ತೀನಿ."

"ಮತ್ತೆ?"

ನಿಜ ಹೇಳಿ ಎಂದಿದ್ದರಲ್ಲ, ಹೇಳಿದೆ. "ಮೇಜಿನ ಆ ಕಡೆ ಕುರ್ಚಿ ಖಾಲಿ ಇರುತ್ತೆ. ಎದುರಿಗೆ ಖಾಲಿ ಕುರ್ಚಿ ಇಟ್ಕೊಂಡು ಉಣ್ಣೋಕೆ ಬೇಜಾರು. ಬೇಕರಿಯಲ್ಲಿ ನಾಲ್ಕು ಜನ ನಿಂತಿರ್ತಾರೆ. ಹವಾಮಾನ, ಕ್ರಿಕೆಟ್ಟು, ಏನೋ ಒಂದು ಮಾತಾಡ್ತಾರೆ."

ಪೆನ್ನು ನಿಂತಿತು. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. "ಇದನ್ನ... ನಿಮ್ಮ ಹೆಂಡತಿಗೆ ಹೇಳಿದ್ದೀರಾ?"

"ಇಲ್ಲ. ಅವಳು ‘ಹೇಗಿದ್ದೀರಿ’ ಅಂತ ಕೇಳ್ತಾಳೆ. ನಾನು ಉತ್ತರ ಹೇಳೋಷ್ಟರಲ್ಲಿ ಆ ಕಡೆಯಿಂದ ಗೊರಕೆ ಬರುತ್ತೆ."

ಅವಳು ಮಂಚದ ಅಂಚಿನಲ್ಲಿ ಕೂತಳು. ಆಮೇಲೆ ಮೆಲ್ಲಗೆ ಕೇಳಿದಳು: "ರಾತ್ರಿ ನಿದ್ದೆ ಸರಿಯಾಗಿ ಬರುತ್ತಾ? ಮನಸ್ಸಿಗೆ ಹೇಗಿದೆ? ಬೇರೆ ಏನಾದ್ರೂ ತೊಂದರೆ ಇದೆಯಾ?"

ಆಗ ನನಗೆ ಜ್ಞಾನೋದಯವಾಯಿತು, ಮಹಾಶಯರೇ! ಮೂರು ವರ್ಷದಲ್ಲಿ ಮೊದಲ ಸಲ ನನ್ನ ಹೆಂಡತಿ ನನ್ನ ಎದುರು ಕೂತಿದ್ದಾಳೆ. ಎಚ್ಚರವಾಗಿದ್ದಾಳೆ. ನಾನು ಹೇಳುವ ಒಂದೊಂದು ಮಾತನ್ನೂ ಬರೆದುಕೊಳ್ಳುತ್ತಿದ್ದಾಳೆ! ಈ ಸುಖ ಇಷ್ಟು ಬೇಗ ಮುಗಿಯಬಾರದು. ಮುಗಿಯದಿರಲು ದಾರಿ ಒಂದೇ, ಇನ್ನಷ್ಟು ತೊಂದರೆ!

"ಮೊಣಕಾಲು ನೋವು," ಎಂದೆ ಹುರುಪಿನಿಂದ. "ತಲೆ ಸುತ್ತು. ಅಂಗಾಲಿನಲ್ಲಿ ಇರುವೆ ಹರಿದ ಹಾಗೆ. ಊಟಕ್ಕೆ ಮುಂಚೆ ಎಡಗಿವಿಯಲ್ಲಿ ಗುಂಯ್ ಅಂತ ಸದ್ದು."

ಅವಳು ಕಣ್ಣಲ್ಲೇ ‘ಸಾಕು’ ಎಂದಳು. ಭೂತಗನ್ನಡಿ ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡರು.

"ಗುಂಯ್ ಅಂತಾನಾ? ಯಾವಾಗಿಂದ?"

"ಬಹಳ ದಿನದಿಂದ ಸಾರ್. ನಿನಗೇ ಗೊತ್ತಲ್ಲ, ನಾನು ಹೇಳಿ..." ಎಂದು ಅವಳ ಕಡೆ ತಿರುಗಿದವನು ನಾಲಿಗೆ ಕಚ್ಚಿಕೊಂಡೆ. "ನಿಮಗೇ ಗೊತ್ತಲ್ಲ ಡಾಕ್ಟ್ರೇ, ಕಿವಿ ಅಂದ್ಮೇಲೆ ಹಾಗೇ."

"ಅಪರೂಪದ ಕೇಸು," ಎಂದರು ಭೂತಗನ್ನಡಿ. "ಹೊಟ್ಟೆ, ಮೊಣಕಾಲು, ಅಂಗಾಲು, ಕಿವಿ. ಇವರನ್ನ ಹಾಗೆಲ್ಲ ಬಿಡೋ ಹಾಗಿಲ್ಲ. ಸಿಸ್ಟರ್, ಅಡ್ಮಿಟ್ ಮಾಡ್ಕೊಳ್ಳಿ. ರಜೆಯೆಲ್ಲ ಇಲ್ಲೇ ಇರಲಿ, ಒಂದೊಂದಾಗಿ ನೋಡೋಣ."

ನಾನು ಎರಡೂ ಕೈ ಅಡ್ಡ ಹಿಡಿದೆ. "ಬೇಡ ಸಾರ್! ನನಗೇನೂ ಇಲ್ಲ! ಗುಣವಾಗಿದೆ!"

"ನೋಡಿದ್ರಾ ಸಿಸ್ಟರ್? ರಜೆ ಬಂತು ಅಂದ್ರೆ ಎಲ್ಲರದ್ದೂ ಇದೇ ಮಾತು. ಇವರ ಚಪ್ಪಲಿ ಎತ್ತಿಡಿ, ಇವರೂ ಹಲ್ಲುಜ್ಜೋಕೆ ಹೋಗಿಬಿಟ್ಟಾರು." ಆಮೇಲೆ ಅವಳ ಕಡೆ ನೋಡಿ, "ನೀನು ಮುಂದುವರಿಸಮ್ಮ. ಹೊಟ್ಟೆ ನೋಡು."

ಅವಳು ನನ್ನ ಅಂಗಿ ಸರಿಸಿ ಬಲಪಕ್ಕೆಯ ಕೆಳಗೆ ಕೈಯಿಟ್ಟಳು. "ಉಸಿರು ಎಳ್ಕೊಳ್ಳಿ. ಬಿಡಿ. ಇನ್ನೊಂದು ಸಲ." ಕಚಗುಳಿಯಿಂದ ನಾನು ಕಿಸಕ್ಕೆಂದೆ. ಅವಳು ನಗಲಿಲ್ಲ. ಅವಳ ಬೆರಳು ಒಂದು ಕಡೆ ನಿಂತುಬಿಟ್ಟಿತು. ಮತ್ತೆ ಅಲ್ಲೇ ಒತ್ತಿ ನೋಡಿದಳು. ಅವಳ ಮುಖದಲ್ಲಿದ್ದ ಸಿಟ್ಟು ಎಲ್ಲಿ ಹೋಯಿತೋ, ಬಣ್ಣವೇ ಇಳಿದುಹೋಯಿತು. ನನ್ನ ನಗುವೂ ಅಲ್ಲಿಗೇ ನಿಂತಿತು.

ಅವಳು ಕಾಗದಗಳನ್ನು ಮಂಚದ ಮೇಲಿಟ್ಟು ನೇರವಾಗಿ ನಿಂತಳು.

"ಸಾರ್, ಕ್ಷಮಿಸಿ. ಇವರು ನನ್ನ ಗಂಡ. ಈ ಕೇಸು ನಾನು ಮಾಡಬಾರದಾಗಿತ್ತು, ಮೊದಲೇ ಹೇಳಬೇಕಿತ್ತು. ನನ್ನ ಪರೀಕ್ಷೆ ಕ್ಯಾನ್ಸಲ್ ಮಾಡಿ, ರಜೆಯಲ್ಲಿ ಮತ್ತೆ ಕೊಡ್ತೀನಿ. ಆದ್ರೆ ಇವರ ಲಿವರ್ ಕೈಗೆ ಸಿಗ್ತಾ ಇದೆ, ಸಿಗಬಾರದು. ದಯವಿಟ್ಟು ನೀವೊಂದು ಸಲ ನೋಡಿ."

ಮೂರು ವರ್ಷ ಕಾದ ರಜೆಯನ್ನು ಅವಳು ಒಂದೇ ಉಸಿರಿಗೆ ಬಿಟ್ಟುಕೊಟ್ಟಳು, ನನ್ನ ಹೊಟ್ಟೆಗೋಸ್ಕರ! ಇದಪ್ಪ ಹೊಟ್ಟೆಪಾಡು!  

ಭೂತಗನ್ನಡಿ ನಿಧಾನವಾಗಿ ಎದ್ದರು. "ಗಂಡ ಅಂತ ನನಗೆ ಆಗಲೇ ಗೊತ್ತಾಯ್ತು. ನನ್ನ ಪಿ.ಜಿ.ಯನ್ನ ಏಕವಚನದಲ್ಲಿ ಮಾತಾಡಿಸೋ ರೋಗಿ ಈ ವಾರ್ಡಲ್ಲಿ ಇಲ್ಲ. ಒಂದೋ ಅಪ್ಪ ಆಗಿರಬೇಕು, ಇಲ್ಲ ಗಂಡ. ಅಪ್ಪನ ವಯಸ್ಸು ಕಾಣಲಿಲ್ಲ. ನೀನು ಯಾವಾಗ ಬಾಯಿ ಬಿಡ್ತೀಯ ಅಂತ ಕಾಯ್ತಿದ್ದೆ."

ಅವರ ಕೈ ತಣ್ಣಗಿತ್ತು. ಒತ್ತಿ ನೋಡಿದರು, ಬೆರಳಿನಿಂದ ಬಡಿದು ನೋಡಿದರು, ಬಿ.ಪಿ. ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. ನಾನು ಭೂಪಟದಂತೆ ಬಿದ್ದುಕೊಂಡಿದ್ದೆ.

"ಸರಿಯಾಗಿ ಹಿಡಿದಿದ್ದೀಯ. ಲಿವರ್ ಸ್ವಲ್ಪ ದೊಡ್ಡದಾಗಿದೆ. ಬಿ.ಪಿ.ಯೂ ಕೊಂಚ ಮೇಲಿದೆ. ಹೆದರಬೇಡ, ಬೇಕರಿಯ ಕೊಡುಗೆ ಇರಬೇಕು, ಕೊಬ್ಬು. ರಜೆ ಮುಗಿಸಿ ಬಂದ ಕೂಡಲೇ ರಕ್ತಪರೀಕ್ಷೆ, ಸ್ಕ್ಯಾನು ಮಾಡಿಸು." ಮತ್ತೆ ಸ್ಟೂಲಿನ ಮೇಲೆ ಕೂತರು. "ಈಗ ಪರೀಕ್ಷೆ ಮುಗಿಸೋಣ. ಇವರು ಹೇಳಿದ್ದನ್ನೆಲ್ಲ ಹೊಡೆದುಹಾಕು, ಅದಕ್ಕೆ ಮಾರ್ಕಿಲ್ಲ. ನಿನ್ನ ಕೈಗೆ ಸಿಕ್ಕಿದ್ದಕ್ಕೆ ಕೊಡ್ತೀನಿ. ಗಂಡ ಆದ್ರೇನು, ಬೇರೆಯವರಾದ್ರೇನು, ಲಿವರ್ ಲಿವರೇ. ಹೇಳು, ಚಿಕಿತ್ಸೆ ಏನು?"

ಅವಳ ದನಿಗೆ ಜೀವ ಬಂತು. "ಬೇಕರಿ ಪೂರ್ತಿ ನಿಲ್ಲಿಸಬೇಕು ಸಾರ್."

ನಾನು ಕಣ್ಣು ಮುಚ್ಚಿದೆ.

"ಕರಿದದ್ದು, ಬೆಣ್ಣೆ, ಸಿಹಿ ಬೇಡ. ಬೇಯಿಸಿದ ತರಕಾರಿ, ಸೊಪ್ಪು, ಕಾಳು. ದಿನಾ ಬೆಳಿಗ್ಗೆ ಚುರುಕಾಗಿ ನಡೀಬೇಕು."

"ಯಾವಾಗಿಂದ?"

"ಇವತ್ತಿಂದಲೇ ಸಾರ್."

"ಇವತ್ತು ರಜೆ ಕಣೇ!" ಎಂದು ಮಂಚದಿಂದ ಅರ್ಧ ಎದ್ದೆ. "ನಿಮ್ಮಮ್ಮ ಮೀನು ಹುರಿದು ಇಟ್ಟಿರ್ತಾರೆ!"

ಭೂತಗನ್ನಡಿ ನನ್ನ ಕಡೆ ಬಾಗಿದರು. "ಯಜಮಾನ್ರೇ, ಒಂದು ವಿಷಯ. ಚಿಕಿತ್ಸೆಗೆ ರೋಗಿಯನ್ನ ಒಪ್ಪಿಸೋದೂ ಪರೀಕ್ಷೆಯ ಭಾಗವೇ. ನೀವು ಒಪ್ಪಿದ್ರೆ ಇವಳು ಪಾಸು. ಒಪ್ಪದಿದ್ರೆ..." ಮಾತು ಅಲ್ಲಿಗೇ ನಿಲ್ಲಿಸಿ ಗೋಡೆ ಗಡಿಯಾರ ನೋಡಿದರು.

ತಕ್ಕಡಿಯ ಒಂದು ತಟ್ಟೆಯಲ್ಲಿ ಹೆಂಡತಿ, ಇನ್ನೊಂದರಲ್ಲಿ ಹುರಿದ ಮೀನು, ಕ್ರೀಮ್ ಬನ್ನು ಮತ್ತು ಎರಡು ಬೇಕರಿಗಳು! ಅವಳು ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಡಾಕ್ಟರೂ ಇರಲಿಲ್ಲ, ಪಿ.ಜಿ.ಯೂ ಇರಲಿಲ್ಲ.

"ಒಪ್ಪಿದೆ ಸಾರ್," ಎಂದೆ. ಸ್ವಾತಂತ್ರ್ಯ ಕಳೆದುಕೊಂಡ ದೇಶದ ಬಾವುಟದಂತೆ ನನ್ನ ಅಂಗಿ ಹಾರುತ್ತಿತ್ತು. ಮೇಲೆ ಫ್ಯಾನಿತ್ತು.

"ಪಾಸು!"

ಬಟ್ಟೆ ಬದಲಿಸಿಕೊಂಡು ಬರುವಷ್ಟರಲ್ಲಿ ಅತ್ತೆಯ ಕೇಕು ವಾರ್ಡಿನ ಸ್ವತ್ತಾಗಿತ್ತು. ಅವಳೇ ಡಬ್ಬಿ ಬಿಚ್ಚಿ ಹಂಚುತ್ತಿದ್ದಳು. ಭೂತಗನ್ನಡಿ ದೊಡ್ಡ ತುಂಡನ್ನು ಆರಿಸಿಕೊಂಡು, ನನ್ನ ಎದುರೇ ನಿಂತು, ಬಹಳ ನಿಧಾನವಾಗಿ ತಿಂದರು.

ರೈಲು ಸಿಕ್ಕಿತು. ಕಿಟಕಿ ಪಕ್ಕ ಅವಳು, ಅವಳ ಪಕ್ಕ ನಾನು. "ನನ್ನ ತಪ್ಪನ್ನ ಹೊಟ್ಟೆಗೆ ಹಾಕ್ಕೋ," ಎಂದೆ ಮೆಲ್ಲಗೆ.

"ಸಿಕ್ಕಿದ್ದನ್ನೆಲ್ಲ ಹೊಟ್ಟೆಗೆ ಹಾಕ್ಕೊಂಡೇ ನಿಮಗೆ ಈ ಗತಿ ಬಂದಿರೋದು," ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡು ಹೊರಗೆ ನೋಡುತ್ತಾ ಕೂತಳು. "ಕುರ್ಚಿ ವಿಷಯ ನನಗೆ ಹೇಳಬಾರದಿತ್ತಾ?" ಎಂದು ಕೇಳಿದ್ದು ಎಷ್ಟೋ ಸ್ಟೇಷನ್ನು ದಾಟಿದ ಮೇಲೆ. ಆ ಪ್ರಯಾಣದಲ್ಲಿ ಅವಳು ಒಂದು ಗಳಿಗೆಯೂ ಕಣ್ಣು ಮುಚ್ಚಲಿಲ್ಲ. ನಾನೂ ಒಂದು ಗಳಿಗೆಯೂ ಬಾಯಿ ಮುಚ್ಚಲಿಲ್ಲ.

ಅತ್ತೆಗೆ ಸುದ್ದಿ ಫೋನಿನಲ್ಲೇ ತಲುಪಿತ್ತು. ಊಟದ ಮೇಜಿನ ಮೇಲೆ ಎಲ್ಲರಿಗೂ ಹುರಿದ ಮೀನು, ಬೆಣ್ಣೆಯಲ್ಲಿ ಹೊರಳಿದ ಆಲೂಗಡ್ಡೆ. ನನ್ನ ತಟ್ಟೆಯಲ್ಲಿ ಬೇಯಿಸಿದ ಸೋರೆಕಾಯಿ, ಅದರ ಮೇಲೆ ಕರುಣೆಗೆಂದು ಒಂದು ಎಲೆ ಕೊತ್ತಂಬರಿ. ಮಾವ ಮೇಜಿನ ಕೆಳಗಿನಿಂದ ಒಂದು ಮೀನಿನ ತುಂಡು ದಾಟಿಸಲು ನೋಡಿ ಸಿಕ್ಕಿಬಿದ್ದರು. ಅವರ ತಟ್ಟೆಗೂ ಸೋರೆಕಾಯಿ ಬಂತು. "ಅಳಿಯಂದ್ರೇ, ನೀವು ಬಂದದ್ದು ಬಹಳ ಸಂತೋಷ," ಎಂದರು ಅವರು ಹಲ್ಲು ಕಚ್ಚಿಕೊಂಡು.

ಮರುದಿನ ಬೆಳಿಗ್ಗೆ ಅವಳು ನನ್ನನ್ನು ಎಬ್ಬಿಸಿ ಊರಾಚೆಯ ಏರು ರಸ್ತೆಗೆ ಕರೆದೊಯ್ದಳು. ತಂಪು ಗಾಳಿ, ಖಾಲಿ ರಸ್ತೆ, ನಾವಿಬ್ಬರೇ. ಇದಕ್ಕಿಂತ ಇನ್ನೇನು ಬೇಕು!

"ಈಗ ಮಾತಾಡಿ," ಎಂದಳು. "ನಡೀತಾ ನಡೀತಾ ಎಲ್ಲಾ ಹೇಳಿ. ಕೇಳ್ತೀನಿ."

"ನಾನು... ಹ್ಞಾ... ಏನಂದ್ರೆ... ಹೂಂ..." ಎಂದೆ. ಹೇಳಲು ರೈಲಿನಲ್ಲಿ ಮುಗಿಯದೆ ಉಳಿದ ಮಾತು ಬೇಕಾದಷ್ಟಿತ್ತು, ಉಸಿರಿರಲಿಲ್ಲ. ಒಂದು ಕಲ್ಲಿನ ಮೇಲೆ ಕೈಯೂರಿ ನಿಂತೆ.

ಹಿಂದಿನಿಂದ ಟಕ್ ಟಕ್ ಎಂದು ಕೋಲಿನ ಸದ್ದು. ಅವಳ ಅಜ್ಜಿ, ಅತ್ತೆಯ ಅಮ್ಮ, ಬೆಳಗಿನ ವಾಕಿಂಗಿಗೆ ಬಂದವರು. ನಮ್ಮನ್ನು ದಾಟಿ, ನಾಲ್ಕು ಹೆಜ್ಜೆ ಮುಂದೆ ಹೋಗಿ, ತಿರುಗಿ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇವನಿಗೆ ರಜೆ ಎಷ್ಟು ದಿನ ಇದೆಯೇ ಮಗಳೇ?"

"ಇನ್ನೂ ಒಂದು ವಾರ ಇದೆ ಅಜ್ಜಿ."

"ಹಾಗಾದ್ರೆ ಪರವಾಗಿಲ್ಲ," ಎಂದರು ಅಜ್ಜಿ, ಕೋಲಿನಿಂದ ಮುಂದಿನ ತಿರುವು ತೋರಿಸಿ. "ರಜೆ ಮುಗಿಯೋದ್ರೊಳಗೆ ಅಲ್ಲಿಗೆ ತಲುಪ್ತಾನೆ."